ಮ್ಯಾಟ್ ಬ್ಲೂಮ್‌ಫೀಲ್ಡ್: ಒಂದೇ ಸಣ್ಣ ಕ್ಲಬ್ಬಲ್ಲಿ 18 ವರ್ಷ. ಈ ಕರಿಯರ್ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಮಿಡ್‌ಫೀಲ್ಡ್_ಮಂಜ

ಇಲ್ಲಿ ಇಂಗ್ಲಿಷ್ ಫುಟ್‌ಬಾಲ್ ಅಂದ್ರೆ ಪ್ರೀಮಿಯರ್ ಲೀಗ್ ಆರೇಳು ಕ್ಲಬ್ ಅಷ್ಟೇ ಅನ್ನೋ ಥರ ಆಗಿದೆ. ಮೊನ್ನೆ ಇನ್ನೊಂದು ಥ್ರೆಡ್ಡಲ್ಲಿ ಒಬ್ರು "ಲೀಗ್ ಟೂ ಲೀಗ್ ಒನ್ ಅಲ್ಲೇ ಇಡೀ ಜೀವ್ನ ಆಡಿದವನು ಅಂದ್ರೆ ಮೇಲಕ್ಕೆ ಹೋಗಕ್ಕೆ ಆಗದೆ ಉಳಿದವನು" ಅಂತ ಬರೆದಿದ್ರು. (ಗೊತ್ತಿಲ್ಲದವ್ರಿಗೆ: ಅಲ್ಲಿ ಪ್ರೀಮಿಯರ್ ಲೀಗ್ ಮೊದಲನೇ ಹಂತ, ಚಾಂಪಿಯನ್‌ಶಿಪ್ ಎರಡನೇದು, ಲೀಗ್ ಒನ್ ಮೂರನೇದು, ಲೀಗ್ ಟೂ ನಾಲ್ಕನೇದು.) ಅವಾಗಿಂದ ನಂಗೆ ಸಮಾಧಾನ ಇಲ್ಲ, ಅದಕ್ಕೆ ಬೇರೆ ಥ್ರೆಡ್ಡೇ ಹಾಕ್ತಿದೀನಿ.

ಮ್ಯಾಟ್ ಬ್ಲೂಮ್‌ಫೀಲ್ಡ್, ವೈಕಂಬ್ ವಾಂಡರರ್ಸ್, ಮಿಡ್‌ಫೀಲ್ಡರ್. 1984ರಲ್ಲಿ ಹುಟ್ಟಿದ್ದು. ಇಪ್ಸ್‌ವಿಚ್ ಟೌನ್ ಅಕಾಡೆಮಿ ಹುಡುಗ. ಆ ಟೈಮಲ್ಲಿ ಇಪ್ಸ್‌ವಿಚ್ ಪರಿಸ್ಥಿತಿ ಹೇಗಿತ್ತು ಅಂದ್ರೆ 2002ರಲ್ಲಿ ಪ್ರೀಮಿಯರ್ ಲೀಗಿಂದ ಕೆಳಗಿಳಿದು 2003ರಲ್ಲಿ ಸಾಲದಲ್ಲಿ ಮುಳುಗಿ ಅಡ್ಮಿನಿಸ್ಟ್ರೇಷನ್‌ಗೆ (ಅಂದ್ರೆ ಹೊರಗಿನ ಆಡಳಿತಗಾರರ ಕೈಗೆ) ಹೋಗಿತ್ತು. ಅಲ್ಲಿ ಮೊದಲ ತಂಡದಲ್ಲಿ ಇವನಿಗೆ ನೆಲೆ ಸಿಗಲಿಲ್ಲ, 2003ರ ಡಿಸೆಂಬರಲ್ಲಿ 19ನೇ ವಯಸ್ಸಲ್ಲಿ ವೈಕಂಬ್‌ಗೆ ಬಂದ. ಆಗಷ್ಟೇ ಅಲ್ಲಿ ಮ್ಯಾನೇಜರ್ ಆಗಿದ್ದವನು ಆರ್ಸೆನಲ್ಲಿನ ಟೋನಿ ಆಡಮ್ಸ್. ಆ ಸೀಸನ್ನಲ್ಲೇ ಕ್ಲಬ್ ನಾಲ್ಕನೇ ಹಂತಕ್ಕೆ ಇಳೀತು, ವರ್ಷ ತುಂಬೋದ್ರಲ್ಲಿ ಆಡಮ್ಸೂ ಹೋದ. ಹುಡುಗ ಮಾತ್ರ ಉಳಿದ, 2022ರ ಫೆಬ್ರವರಿಲಿ ಬೂಟ್ ಬಿಚ್ಚೋವರೆಗೂ ಅದೇ ಕ್ಲಬ್. ಎಲ್ಲಾ ಟೂರ್ನಿ ಸೇರಿ 550ಕ್ಕೂ ಹೆಚ್ಚು ಮ್ಯಾಚ್.

ಆಡಮ್ಸ್, ಜಾನ್ ಗೋರ್ಮನ್, ಪಾಲ್ ಲ್ಯಾಂಬರ್ಟ್, ಪೀಟರ್ ಟೇಲರ್, ಗ್ಯಾರಿ ವ್ಯಾಡಕ್, ಗ್ಯಾರೆತ್ ಏನ್ಸ್‌ವರ್ತ್, ಒಟ್ಟು ಆರು ಮ್ಯಾನೇಜರ್. ಒಬ್ಬೊಬ್ಬನದು ಒಂದೊಂದು ಆಟ. ಒಬ್ಬನಿಗೆ ಪಾಸ್ ಮಾಡೋ ಮಿಡ್‌ಫೀಲ್ಡರ್ ಬೇಕು, ಇನ್ನೊಬ್ಬನಿಗೆ ಓಡೋನು ಬೇಕು. ಹೊಸ ಮ್ಯಾನೇಜರ್ ಬಂದ ಅಂದ್ರೆ ಮೊದಲು ಕೈ ಹಾಕೋದೇ ಹಳೇ ಆಟಗಾರರ ಕಾಂಟ್ರ್ಯಾಕ್ಟ್ ಮೇಲೆ. ಆರೂ ಜನರ ಕೈಯಲ್ಲಿ "ಇವನು ಇರ್ಲಿ" ಅನ್ನಿಸ್ಕೊಂಡಿದಾನಲ್ಲ, ಅದು ಸಣ್ಣ ವಿಷಯಾನಾ? ನನ್ ಪ್ರಕಾರ ಇದು ಪೂರ್ತಿ ಕರಿಯರ್, ಅರ್ಧಕ್ಕೆ ನಿಂತಿದ್ದಲ್ಲ.

ಧಾರವಾಡ_ಡಿಫೆಂಡರ್

ಮಂಜಣ್ಣ, ನೀವು ಹೇಳೂದು ಚಲೋ ಐತಿ, ಆದ್ರ ನಂದೊಂದು ತಕರಾರು. ಒಬ್ಬ ಆಟಗಾರ 18 ವರ್ಷ ಒಂದ ಕ್ಲಬ್ಬಿನ್ಯಾಗ ಇದ್ದಾನಂದ್ರ ಅದನ್ನ ನಿಷ್ಠೆ ಅಂತೇವಿ. ಆದ್ರ ದೊಡ್ಡ ಕ್ಲಬ್ಬಿಂದ ಒಳ್ಳೆ ಆಫರ್ ಬಂದಿದ್ರ ಇರತಿದ್ದನೇನು? ಆಫರ್ ಬರಲಾರದ್ದಕ್ಕ ಉಳಿದವರನ್ನೂ ನಾವು ನಿಷ್ಠಾವಂತರು ಅಂತ ಹೊಗಳಾಕತ್ತೇವೇನೋ ಅಂತ ನನಗ ಅನಸ್ತದ. ಮನಷಾನ ಮ್ಯಾಗ ಏನೂ ಸಿಟ್ಟಿಲ್ರಿ, ಲೆಕ್ಕ ಸರಿ ಇರಬೇಕಲ್ಲಾ ಅಂತ ಕೇಳಿದೆ.

ಇನ್ನೊಂದು, ಟ್ರೋಫಿ ಏನು ಗೆದ್ದಾನ? ಆಟಗಾರನ್ನ ಅಳಿಯಾಕ ಏನರೆ ಒಂದು ಬೇಕಲ್ಲಾ.

ಮಿಡ್‌ಫೀಲ್ಡ್_ಮಂಜ

@ಧಾರವಾಡ_ಡಿಫೆಂಡರ್ ಕೇಳಿದ್ದು ಒಳ್ಳೇದಾಯ್ತು. ಅಲ್ಲಿ ಅಳೆಯೋದು ಟ್ರೋಫಿಯಿಂದ ಅಲ್ಲ ಸಾರ್, ಮೇಲೆ ಹೋದ್ವಾ ಕೆಳಗೆ ಬಿದ್ವಾ ಅನ್ನೋದರಿಂದ. ಇವನಿದ್ದ ಕಾಲದಲ್ಲಿ ವೈಕಂಬ್ ನಾಲ್ಕು ಸಲ ಮೇಲಕ್ಕೆ ಹೋಗಿದೆ: 2009, 2011, 2018, 2020. ನಾಲ್ಕು ಸಲ ಕೆಳಗೆ ಬಿದ್ದಿದೆ: 2004, 2010, 2012, 2021. ದೊಡ್ಡ ಕ್ಲಬ್ ಆಟಗಾರನಿಗೆ ಇಷ್ಟು ಏಳುಬೀಳು ಕನಸಲ್ಲೂ ಬರಲ್ಲ.

ಒಂದು ಸೀಸನ್ ಬಗ್ಗೆ ಹೇಳ್ತೀನಿ. 2005-06, ಗೋರ್ಮನ್ ಮ್ಯಾನೇಜರ್. ಲೀಗಲ್ಲಿ ಮೊದಲ 21 ಮ್ಯಾಚ್ ಸೋಲೇ ಇಲ್ಲ. ಎಲ್ರೂ ಇವ್ರು ಪ್ರಮೋಟ್ ಆದ್ರು ಅಂತಾನೇ ಅಂದ್ಕೊಂಡಿದ್ರು. 2006ರ ಜನವರಿಲಿ ತಂಡದ ಮಿಡ್‌ಫೀಲ್ಡರ್ ಮಾರ್ಕ್ ಫೈಲೊ ರಸ್ತೆ ಅಪಘಾತದಲ್ಲಿ ತೀರಿಹೋದ, 21 ವರ್ಷದ ಹುಡುಗ. ಅದಾಗಿ ಸ್ವಲ್ಪ ದಿನಕ್ಕೆ ಗೋರ್ಮನ್ ಅವರ ಹೆಂಡತಿ ಕ್ಯಾನ್ಸರ್‌ಗೆ ಹೋಗ್ಬಿಟ್ರು. ತಂಡ ಚೇತರಿಸ್ಕೊಳ್ಳಲೇ ಇಲ್ಲ, ಕೊನೆಗೆ ಪ್ಲೇ-ಆಫ್ (ಸೀದಾ ಮೇಲೆ ಹೋಗೋ ಜಾಗ ಸ್ವಲ್ಪದರಲ್ಲಿ ತಪ್ಪಿದ ನಾಲ್ಕು ತಂಡಗಳ ನಾಕೌಟ್) ಸೆಮಿಲಿ ಚೆಲ್ಟನ್‌ಹ್ಯಾಮ್ ಕೈಲಿ ಸೋತ್ರು. ಆಗ ಬ್ಲೂಮ್‌ಫೀಲ್ಡ್‌ಗೂ ಹೆಚ್ಚುಕಮ್ಮಿ ಅದೇ ವಯಸ್ಸು, ಅದೇ ಡ್ರೆಸ್ಸಿಂಗ್ ರೂಮು. ಇಂಥಾ ಸೀಸನ್ ಆದ್ಮೇಲೆ ಎಷ್ಟೋ ಜನಕ್ಕೆ ಆ ಊರೇ ಬೇಡ ಅನ್ಸುತ್ತೆ. ಇವನು ಅಲ್ಲೇ ಇನ್ನೂ ಹದಿನಾರು ವರ್ಷ ಇದ್ದ.

ಆಫರ್ ಬಂತಾ ಬರಲಿಲ್ವಾ ಅನ್ನೋದಕ್ಕಿಂತ ಮುಖ್ಯ ಏನಂದ್ರೆ, ಲೋವರ್ ಲೀಗಲ್ಲಿ "ಉಳ್ಕೊಳ್ಳೋದು" ಆಟಗಾರನ ಕೈಲಿ ಇರೋದೇ ಇಲ್ಲ. ಕಾಂಟ್ರ್ಯಾಕ್ಟ್ ಜಾಸ್ತಿ ಅಂದ್ರೆ ಒಂದು ವರ್ಷ ಎರಡು ವರ್ಷ, ಜೂನ್ 30ಕ್ಕೆ ಮುಗಿಯುತ್ತೆ. ಮೇ ತಿಂಗಳಲ್ಲಿ ಕ್ಲಬ್ ಪಟ್ಟಿ ಬಿಡುತ್ತೆ, ಯಾರು ಇರ್ತಾರೆ ಯಾರು ಹೋಗ್ತಾರೆ ಅಂತ. ಮನೆ ಬಾಡಿಗೆ, ಮಕ್ಕಳ ಸ್ಕೂಲು ಎಲ್ಲಾ ಆ ಪಟ್ಟಿ ಮೇಲೆ. ಅಷ್ಟೊಂದು ಮೇ ತಿಂಗಳು ಆ ಪಟ್ಟಿಲಿ ಹೆಸರು ಉಳಿಸ್ಕೊಂಡಿದಾನೆ ಅಂದ್ರೆ ಪ್ರತಿ ವರ್ಷ ಹೊಸದಾಗಿ ಕೆಲಸ ಗಿಟ್ಟಿಸ್ಕೊಂಡ ಹಾಗೆ ಅಲ್ವಾ.

ಸ್ಲೌ_ಕನ್ನಡಿಗ

ನಾನು ವೈಕಂಬ್‌ಗೆ ಹತ್ತಿರಾನೇ ಇರೋದು, ಕೆಲಸದ ಮೇಲೆ ಬಂದು ಇಲ್ಲೇ ಸೆಟಲ್ ಆದೆ. ಆಡಮ್ಸ್ ಪಾರ್ಕ್‌ಗೆ ಹೋಗ್ತಿರ್ತೀನಿ, ಅದರ ಬಗ್ಗೆ ಒಂಚೂರು ಬರೀಲಾ? (ಅಂದಹಾಗೆ ಗ್ರೌಂಡ್ ಹೆಸರಿಗೂ ಟೋನಿ ಆಡಮ್ಸ್‌ಗೂ ಸಂಬಂಧ ಇಲ್ಲ, ಕ್ಲಬ್‌ಗೆ ಹಿಂದೆ ನೆಲ ಕೊಟ್ಟ ಫ್ರಾಂಕ್ ಆಡಮ್ಸ್ ಹೆಸರು ಅದು.)

1990ರಲ್ಲಿ ಕಟ್ಟಿದ ಗ್ರೌಂಡ್. ಊರಿನ ರೈಲ್ವೆ ಸ್ಟೇಷನ್ನಿಂದ ಸಾಕಷ್ಟು ದೂರ, ಇಂಡಸ್ಟ್ರಿಯಲ್ ಎಸ್ಟೇಟ್ ಒಳಗೆ ಒಂದೇ ರೋಡು, ಎರಡೂ ಕಡೆ ಗೋಡೌನು ವರ್ಕ್‌ಶಾಪು, ಆ ರೋಡು ಮುಗಿಯೋ ಜಾಗದಲ್ಲೇ ಗ್ರೌಂಡು, ಆಚೆಗೆ ಬರೀ ಗುಡ್ಡ, ಕಾಡು. ಸುಮಾರು ಹತ್ತು ಸಾವಿರ ಜನ ಹಿಡಿಯುತ್ತೆ ಅಷ್ಟೇ. ಒಂದು ಗೋಲ್ ಹಿಂದೆ ವ್ಯಾಲಿ ಎಂಡ್ ಅಂತ ನಿಂತ್ಕೊಂಡು ನೋಡೋ ಟೆರೇಸ್, ಲೋಕಲ್ ಜನ ಎಲ್ಲಾ ಅಲ್ಲೇ. ಮ್ಯಾಚ್ ಮುಗಿದ್ಮೇಲೆ ಆ ಒಂದೇ ರೋಡಲ್ಲಿ ಎಲ್ಲಾ ಕಾರು ಹೊರಗೆ ಬರಬೇಕು, ತುಂಬಾ ಹೊತ್ತು ಹಿಡಿಯುತ್ತೆ, ಆದ್ರೂ ಯಾರೂ ಹಾರ್ನ್ ಹೊಡೆಯಲ್ಲ, ರೇಡಿಯೋಲಿ ಬೇರೆ ಮ್ಯಾಚ್ ರಿಸಲ್ಟ್ ಕೇಳ್ತಾ ಕೂತಿರ್ತಾರೆ.

ಈ ಊರು ಕುರ್ಚಿ ಮಾಡೋದಕ್ಕೆ ಹೆಸರುವಾಸಿ, ಅದಕ್ಕೆ ತಂಡಕ್ಕೆ ಚೇರ್‌ಬಾಯ್ಸ್ ಅಂತ ಅಡ್ಡಹೆಸರು. ಜರ್ಸಿ ಕಡುನೀಲಿ ತಿಳಿನೀಲಿ ನಾಲ್ಕು ಭಾಗ. ಫುಟ್‌ಬಾಲ್ ಲೀಗಿಗೆ ಬಂದಿದ್ದೇ 1993ರಲ್ಲಿ, ಮಾರ್ಟಿನ್ ಓ'ನೀಲ್ ಮ್ಯಾನೇಜರ್ ಆಗಿದ್ದಾಗ.

ಇಲ್ಲಿಯವ್ರ ಹತ್ರ ಬ್ಲೂಮ್‌ಫೀಲ್ಡ್ ಬಗ್ಗೆ ಕೇಳಿದ್ರೆ "ಆ ಗೋಲು ನೆನಪಿದ್ಯಾ" ಅಂತ ಶುರು ಮಾಡಲ್ಲ. ಚೆಂಡು ನಮ್ಮ ಕೈ ತಪ್ಪಿದಾಗ ಹಿಂದಕ್ಕೆ ಓಡೋದು, ಗೆದ್ದ ಚೆಂಡನ್ನ ಸುಮ್ನೆ ಪಕ್ಕದವನಿಗೆ ಕೊಟ್ಟು ಮುಂದಕ್ಕೆ ನುಗ್ಗೋದು, ಇಂಥದ್ದೇ ಹೇಳ್ತಾರೆ. ನಾನು ನೋಡಿದ್ದೂ ಅದೇ. ಸ್ಟ್ರೈಕರ್ ಅಡೆಬಾಯೊ ಅಕಿನ್‌ಫೆನ್ವಾ ಇದ್ದ ಕಾಲದಲ್ಲಿ ಗೋಲ್‌ಕೀಪರ್ ಉದ್ದಕ್ಕೆ ಒದೀತಿದ್ದ, ಆ ಆನೆ ಥರದ ಮನುಷ್ಯ ಎದೆ ಮೇಲೋ ತಲೆ ಮೇಲೋ ತಗೊಂಡು ಕೆಳಗೆ ಹಾಕ್ತಿದ್ದ. ಜನ ಎಲ್ಲಾ ಅಕಿನ್‌ಫೆನ್ವಾನ ನೋಡ್ತಿದ್ರು. ಆದ್ರೆ ಬಿದ್ದ ಚೆಂಡು ಯಾರಿಗೆ ಸಿಗುತ್ತೆ ಅನ್ನೋದೇ ಆ ಆಟ, ಮಿಡ್‌ಫೀಲ್ಡರ್ ಚೆಂಡು ಇನ್ನೂ ಗಾಳಿಲಿ ಇರೋವಾಗ್ಲೇ ಹೊರಟಿರಬೇಕು, ಅದು ಎಲ್ಲಿ ಬೀಳುತ್ತೆ ಅಂತ ಊಹಿಸಿ. ಹತ್ತರಲ್ಲಿ ಆರು ಸಲ ಸಿಗಲ್ಲ, ವಾಪಸ್ ಓಡ್ಬೇಕು, ಮತ್ತೆ ಹೊರಡ್ಬೇಕು. ಟಿವಿಲಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗೋದ್ರಿಂದ ಈ ಓಟ ಕಾಣೋದೇ ಇಲ್ಲ, ಗ್ರೌಂಡಲ್ಲಿ ನಿಂತ್ರೆ ಮಾತ್ರ ಕಾಣೋದು.

ಕುಡ್ಲ_ಕಿಕ್

ಒಳ್ಳೆ ಥ್ರೆಡ್ ಮಾರಾಯ್ರೆ. ನನಗೆ ಈ ಕ್ಲಬ್ಬಿನ ಕತೆಯಲ್ಲಿ ತಲೆ ತಿರುಗುವುದು ಯಾವುದು ಗೊತ್ತುಂಟಾ, ಎಲ್ಲವೂ ಕೂದಲೆಳೆಯಲ್ಲೇ ಆಗಿರುವುದು. ನೋಡಿ,

2009: ವೈಕಂಬ್‌ಗೂ ಬರಿ (Bury) ಅನ್ನುವ ಕ್ಲಬ್ಬಿಗೂ ತಲಾ 78 ಪಾಯಿಂಟ್. ಗೋಲ್ ಡಿಫರೆನ್ಸಲ್ಲಿ (ಹೊಡೆದ ಗೋಲಿಗೂ ಬಿಟ್ಟುಕೊಟ್ಟ ಗೋಲಿಗೂ ಇರುವ ವ್ಯತ್ಯಾಸ) ಒಂದೇ ಒಂದು ಗೋಲು ಜಾಸ್ತಿ ಇದ್ದದ್ದಕ್ಕೆ ವೈಕಂಬ್ ಸೀದಾ ಮೇಲೆ ಹೋಯಿತು, ಬರಿ ಕ್ಲಬ್ ಪ್ಲೇ-ಆಫ್‌ಗೆ. ಸೀಸನ್ನಿಗೆ 46 ಮ್ಯಾಚ್, ಅದರಲ್ಲಿ ಯಾವುದೋ ಒಂದು ಮಂಗಳವಾರ ರಾತ್ರಿ 3-0 ಮುಂದಿದ್ದಾಗಲೂ ಸುಮ್ಮನಿರದೆ ಓಡಿದವನಿಗೆ ಅದರ ಪಾಲು ಸಿಗಬೇಕಾ ಬೇಡವಾ?

2014: ಕೊನೆಯ ದಿನ. ವೈಕಂಬ್ ಲೀಗಿನಿಂದಲೇ ಹೊರಗೆ ಬೀಳುವ ಸ್ಥಿತಿ. ತಾನು ಟಾರ್ಕಿ (Torquay) ಕ್ಲಬ್ಬಿನ ಊರಲ್ಲಿ ಗೆಲ್ಲಬೇಕು, ಅತ್ತ ಬ್ರಿಸ್ಟಲ್ ರೋವರ್ಸ್ ಸೋಲಬೇಕು. ಇವರು 3-0 ಗೆದ್ದರು, ರೋವರ್ಸ್ ತಮ್ಮದೇ ಊರಲ್ಲಿ ಮ್ಯಾನ್ಸ್‌ಫೀಲ್ಡ್ ಎದುರು 1-0 ಸೋತಿತು. ಎರಡಕ್ಕೂ 50 ಪಾಯಿಂಟ್, ಪುನಃ ಗೋಲ್ ಡಿಫರೆನ್ಸ್! ಆ ದಿನ ವೈಕಂಬ್ ಬಿದ್ದಿದ್ದರೆ ಈ ಥ್ರೆಡ್ ಇರ್ತಿರಲಿಲ್ಲ. ಆಗ ಕ್ಲಬ್ ಅಭಿಮಾನಿಗಳ ಟ್ರಸ್ಟಿನ ಕೈಯಲ್ಲಿತ್ತು, ದುಡ್ಡು ಇರಲೇ ಇಲ್ಲ.

2015: ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮಲ್ಲಿ ಪ್ಲೇ-ಆಫ್ ಫೈನಲ್, ಸೌತೆಂಡ್ ಎದುರು ಎಕ್ಸ್‌ಟ್ರಾ ಟೈಮಲ್ಲಿ 1-0 ಮುಂದೆ. ಕೊನೆಯ ವಿಸಿಲ್ ಊದುವುದೊಂದೇ ಬಾಕಿ, 122ನೇ ನಿಮಿಷಕ್ಕೆ ಸಮ ಆಯಿತು. ಪೆನಾಲ್ಟಿಯಲ್ಲಿ 7-6 ಸೋಲು.

2017: ಎಲ್ಲ ಹಂತದ ಕ್ಲಬ್‌ಗಳೂ ಆಡುವ ಎಫ್‌ಎ ಕಪ್ಪಲ್ಲಿ ಟಾಟನ್‌ಹ್ಯಾಮ್ ಊರಿಗೇ ಹೋಗಿ ಅರ್ಧ ಸಮಯಕ್ಕೆ 2-0, ಆಮೇಲೆ 3-2 ಮುಂದೆ. 89ನೇ ನಿಮಿಷಕ್ಕೆ ಡೆಲೆ ಆಲಿ, 97ನೇ ನಿಮಿಷಕ್ಕೆ ಸನ್. 4-3. ನಾನು ಅವತ್ತು ಮೊಬೈಲಲ್ಲಿ ಸ್ಕೋರ್ ನೋಡ್ತಾ ಕೂತಿದ್ದೆ, ರಾತ್ರಿ ನಿದ್ದೆ ಬರಲಿಲ್ಲ ನಿಜಕ್ಕೂ.

ಕುಡ್ಲ_ಕಿಕ್

2020 ಬಿಟ್ಟುಹೋಯಿತು, ಅದು ಬೇರೆಯೇ ಬರೆಯಬೇಕು. ಕೊರೋನಾಗೆ ಮಾರ್ಚಲ್ಲಿ ಲೀಗ್ ನಿಂತಾಗ ವೈಕಂಬ್ ಎಂಟನೇ ಸ್ಥಾನ. 34 ಮ್ಯಾಚಿಗೆ 59 ಪಾಯಿಂಟ್. ಮೇಲಿದ್ದ ಆಕ್ಸ್‌ಫರ್ಡ್, ಪೋರ್ಟ್ಸ್‌ಮತ್, ಫ್ಲೀಟ್‌ವುಡ್ ಎಲ್ಲ 35 ಮ್ಯಾಚಿಗೆ 60. ಜೂನಲ್ಲಿ ಕ್ಲಬ್‌ಗಳು ಓಟು ಹಾಕಿ ಸೀಸನ್ ಮುಗಿಸಿ ಒಂದು ಮ್ಯಾಚಿಗೆ ಎಷ್ಟು ಪಾಯಿಂಟ್ ಅಂತ ಭಾಗಿಸಿದರು. 59ನ್ನು 34ರಿಂದ ಭಾಗಿಸಿದರೆ 1.735, 60ನ್ನು 35ರಿಂದ ಭಾಗಿಸಿದರೆ 1.714. ಅಷ್ಟಕ್ಕೆ ವೈಕಂಬ್ ಎಂಟರಿಂದ ಮೂರಕ್ಕೆ ಹಾರಿತು, ಪೀಟರ್‌ಬರೊ ಪ್ಲೇ-ಆಫ್ ಜಾಗವನ್ನೇ ಕಳೆದುಕೊಂಡಿತು.

ಜುಲೈಯಲ್ಲಿ ಸೆಮಿಯಲ್ಲಿ ಫ್ಲೀಟ್‌ವುಡ್ ಎದುರು ಎರಡು ಮ್ಯಾಚ್ ಸೇರಿ 6-3, ಫೈನಲಲ್ಲಿ ಆಕ್ಸ್‌ಫರ್ಡ್ ಎದುರು 2-1, ಜೋ ಜೇಕಬ್‌ಸನ್ ಪೆನಾಲ್ಟಿ. ವೆಂಬ್ಲಿ ಪೂರಾ ಖಾಲಿ, ಒಬ್ಬ ಪ್ರೇಕ್ಷಕ ಇಲ್ಲ. ಕ್ಲಬ್ಬಿನ ಇತಿಹಾಸದಲ್ಲಿ ಮೊದಲ ಸಲ ಚಾಂಪಿಯನ್‌ಶಿಪ್. ಬ್ಲೂಮ್‌ಫೀಲ್ಡಿಗೆ ಆಗ 36 ವರ್ಷ! ಎರಡನೇ ಹಂತದ ಲೀಗ್ ಮ್ಯಾಚ್ ಆಡಲು ಅಲ್ಲಿಯವರೆಗೆ ಕಾದದ್ದು ಅವನು.

ಮರುವರ್ಷ 43 ಪಾಯಿಂಟ್, ಡರ್ಬಿ 44, ಒಂದು ಪಾಯಿಂಟಲ್ಲಿ ಕೆಳಗೆ. ಕೊನೆಯ ದಿನ ಮಿಡಲ್ಸ್‌ಬರೊದಲ್ಲಿ 3-0 ಗೆದ್ದೂ ಬಿದ್ದರು. ಆರು ತಿಂಗಳು ಬಿಟ್ಟು ಹಳೆಯ ಲೆಕ್ಕಪತ್ರದ ತಪ್ಪಿಗೆ ಅಂತ ಡರ್ಬಿಯ 9 ಪಾಯಿಂಟ್ ಕಡಿದರು, ಆದರೆ ಅದು ಮುಂದಿನ ಸೀಸನ್ನಿನ ಲೆಕ್ಕಕ್ಕೆ. ಅದೇ ಶಿಕ್ಷೆ ಮೊದಲೇ ಆಗಿದ್ದರೆ ವೈಕಂಬ್ ಉಳಿಯುತ್ತಿತ್ತು. ಇದರ ಬಗ್ಗೆ ನನಗೆ ಈಗಲೂ ಬೇಸರ ಉಂಟು. 37 ವರ್ಷದ ಆಟಗಾರನಿಗೆ "ಮುಂದಿನ ಸಲ ನೋಡುವ" ಅಂತ ಹೇಳಲಿಕ್ಕೆ ಆಗುವುದಿಲ್ಲ.

ಧಾರವಾಡ_ಡಿಫೆಂಡರ್

ಕುಡ್ಲ ಅಣ್ಣಾರ, ಆ ಡರ್ಬಿ ಮಾತು ಖರೆ. ಮಂಜಣ್ಣ, ಮೇ ತಿಂಗಳ ಪಟ್ಟಿ ಬಗ್ಗೆ ನೀವು ಹೇಳಿದ್ದು ನಾ ವಿಚಾರ ಮಾಡಿದ್ದಿಲ್ಲ, ಅದನ್ನ ಒಪ್ಪತೇನಿ.

ಆದ್ರ ನನ್ನ ಮಾತಿನ ಇನ್ನೊಂದು ಮಗ್ಗಲ ಐತಿ. ಒಬ್ಬ ಬ್ಲೂಮ್‌ಫೀಲ್ಡ್ ಉಳದಾ ಅಂತ ನಾವು ಖುಷಿ ಪಡ್ತೇವಿ, ಅವನ ಬಾಜೂಕ ಕುಂತವರು ಎಷ್ಟು ಮಂದಿ ಹೋದ್ರು? ಅಲ್ಲೆ 16ನೇ ವಯಸ್ಸಿಗೆ ಎರಡು ವರ್ಷದ ಸ್ಕಾಲರ್‌ಶಿಪ್ ಕೊಡ್ತಾರ, 18ಕ್ಕ ಪ್ರೊ ಕಾಂಟ್ರ್ಯಾಕ್ಟ್ ಇಲ್ಲಾ ಮನಿಗೆ. ಬಹಳಷ್ಟು ಹುಡುಗರು ಮನಿಗೇ ಹೋಗತಾರ. ಎಬೆರೆಚಿ ಎಝೆನ್ನ ತಗೋರಿ. ಆರ್ಸೆನಲ್ 13ನೇ ವಯಸ್ಸಿಗೆ ಬಿಟ್ಟುಬಿಡ್ತು, ಆಮ್ಯಾಲೆ ಫುಲಮ್, ರೆಡಿಂಗ್, ಮಿಲ್ವಾಲ್ ಎಲ್ಲಾರೂ ಬ್ಯಾಡಂದ್ರು. ಕ್ಯೂಪಿಆರ್ (ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್) ತಗೊಂಡು 2017ರಾಗ ವೈಕಂಬ್‌ಗೆ ಲೋನ್ ಮ್ಯಾಲೆ, ಅಂದ್ರ ಸ್ವಲ್ಪ ತಿಂಗಳ ಆಡಾಕ, ಕಳಿಸ್ತು. ಅಲ್ಲೇ ಲೀಗ್ ಟೂನ್ಯಾಗ ದೊಡ್ಡವರ ಜೋಡಿ ಮೊದಲ ಸಲ ಸರಿಯಾಗಿ ಆಡಿದಾ. ಅಂದ್ರ ಬ್ಲೂಮ್‌ಫೀಲ್ಡ್ ಇದ್ದ ತಂಡದಾಗ! 2025ರ ಎಫ್‌ಎ ಕಪ್ ಫೈನಲ್‌ದಾಗ ಮ್ಯಾಂಚೆಸ್ಟರ್ ಸಿಟಿ ಮ್ಯಾಲೆ ಕ್ರಿಸ್ಟಲ್ ಪ್ಯಾಲೇಸ್ ಪರ ಗೆಲ್ಲೂ ಗೋಲ್ ಹೊಡದಾ, ಅದ ವರ್ಷ ಆರ್ಸೆನಲ್ ತಿರುಗಿ ಕೊಂಡ್ಕೊಂಡ್ತು. ಅದ ಆರ್ಸೆನಲ್ರಿ, 13ಕ್ಕ ಬ್ಯಾಡಂದದ್ದು.

ಒಂದ ಡ್ರೆಸ್ಸಿಂಗ್ ರೂಮಿನ್ಯಾಗ ಅರ್ಧ ಸೀಸನ್ ಇಬ್ಬರೂ. ಒಬ್ಬನ ಆಟ ಶುರು, ಇನ್ನೊಬ್ಬನದು ಕೊನೀಗ ಬಂದದ್ದು. ಎಳೆ ಹುಡುಗನಿಗೆ ಅಲ್ಲೆ ಏನ ಸಿಕ್ಕಿತು ಅಂದ್ರ, ಗೆಲ್ಲಲಿಲ್ಲಾಂದ್ರ ಪಗಾರ ಹೋಗತೈತಿ ಅನ್ನೂ ಮಂದಿ ನಡುವ ಆಡೂದು. ಅಕಾಡೆಮಿ ಮ್ಯಾಚಿನ್ಯಾಗ ಅದು ಕಲಿಯಾಕ ಆಗಂಗಿಲ್ಲ.

ಮಿಡ್‌ಫೀಲ್ಡ್_ಮಂಜ

@ಧಾರವಾಡ_ಡಿಫೆಂಡರ್ ಎಝೆ ಉದಾಹರಣೆ ಸೂಪರ್. ನನ್ ಮಾತಿಗೆ ಇದೇ ಬೇಕಿತ್ತು. ಲೋವರ್ ಲೀಗ್ ಅಂದ್ರೆ ಮೇಲೆ ಹೋಗೋ ಹುಡುಗರಿಗೆ ಏಣಿ ಅಂತಾರೆ, ಆ ಏಣಿನ ಅಲ್ಲಾಡದ ಹಾಗೆ ಹಿಡ್ಕೊಂಡಿರೋರು ಬ್ಲೂಮ್‌ಫೀಲ್ಡ್ ಥರದವ್ರು.

ಪಗಾರದ ಮಾತು ಬಂತು. 2020ರ ಆಗಸ್ಟಲ್ಲಿ ಲೀಗ್ ಒನ್ ಕ್ಲಬ್‌ಗೆ ಇಡೀ ತಂಡದ ಸಂಬಳ ವರ್ಷಕ್ಕೆ 25 ಲಕ್ಷ ಪೌಂಡ್ ದಾಟಬಾರದು, ಲೀಗ್ ಟೂಗೆ 15 ಲಕ್ಷ ಅಂತ ಮಿತಿ ತಂದ್ರು. ಆಟಗಾರರ ಯೂನಿಯನ್ ಪಿಎಫ್‌ಎ ಒಪ್ಪಲಿಲ್ಲ, 2021ರ ಫೆಬ್ರವರಿಲಿ ಪಂಚಾಯ್ತಿದಾರರ ಮುಂದೆ ಅದು ಬಿದ್ದೋಯ್ತು. ಆ 15 ಲಕ್ಷನ 22 ಜನಕ್ಕೆ ಹಂಚಿದ್ರೆ ತಲೆಗೆ ವರ್ಷಕ್ಕೆ ಸುಮಾರು 68 ಸಾವಿರ ಪೌಂಡ್, ಅದೂ ಮಿತಿ ಪೂರ್ತಿ ಖರ್ಚು ಮಾಡಿದ್ರೆ. ನಮ್ ರೂಪಾಯಿಲಿ ದೊಡ್ಡದಾಗಿ ಕಾಣುತ್ತೆ, ಅಲ್ಲಿ ಅದು ಚೆನ್ನಾಗಿರೋ ಸಂಬಳ ಅಷ್ಟೇ, ಮತ್ತೆ 35ಕ್ಕೆ ಎಲ್ಲಾ ಮುಗಿಯುತ್ತೆ. ಕ್ಲಬ್ಬೇ ಮುಳುಗಿದ್ರೆ ಅದೂ ಇಲ್ಲ. 2009ರಲ್ಲಿ ಒಂದು ಗೋಲಲ್ಲಿ ಮೇಲೆ ಹೋಗೋದು ತಪ್ಪಿಸ್ಕೊಂಡ ಅದೇ ಬರಿ ಕ್ಲಬ್ಬನ್ನ 2019ರ ಆಗಸ್ಟಲ್ಲಿ ಲೀಗಿಂದಾನೇ ಹೊರಗೆ ಹಾಕಿದ್ರು, ಆಟಗಾರರಿಗೆ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲ.

ಫಿಸಿಯೋ_ಶ್ರುತಿ

ನಾನು ಸ್ಪೋರ್ಟ್ಸ್ ಫಿಸಿಯೋ. ಈ ಥ್ರೆಡ್ಡಲ್ಲಿ ಅವನ ಆಟ ಹೇಗೆ ನಿಂತಿತು ಅನ್ನೋದನ್ನ ಯಾರೂ ಹೇಳಿಲ್ಲ. ಮಂಡಿ ಹೋಗಿ ನಿಂತಿದ್ದಲ್ಲ, ವಯಸ್ಸಾಯ್ತು ಅಂತಾನೂ ಅಲ್ಲ. ತಲೆಗೆ ಪೆಟ್ಟು ಬಿದ್ದು ಕನ್ಕಷನ್ (ಮೆದುಳು ಅಲುಗಿ ಆಗೋ ಗಾಯ) ಆಗಿ, ಇನ್ಮೇಲೆ ಆಡೋದು ಬೇಡ ಅಂತ ವೈದ್ಯರು ಹೇಳಿದ ಮೇಲೆ ನಿಲ್ಲಿಸಿದ್ದು.

ಲೋವರ್ ಲೀಗಲ್ಲಿ ಮಿಡ್‌ಫೀಲ್ಡರ್ ಅಂದ್ರೆ ತಲೆಯಲ್ಲಿ ಚೆಂಡು ಹೊಡೆಯೋ ಕೆಲಸ ಜಾಸ್ತಿ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಗೋಲ್‌ಕೀಪರ್ ಉದ್ದಕ್ಕೆ ಒದ್ದ ಚೆಂಡು ಬಂದು ಬೀಳೋದು ನಡುವಲ್ಲೇ. ಅಲ್ಲಿ ಇಬ್ಬರು ಒಟ್ಟಿಗೆ ಹಾರ್ತಾರೆ, ಒಬ್ಬರ ತಲೆ ಹಿಂಭಾಗ ಇನ್ನೊಬ್ಬರ ಹುಬ್ಬಿಗೆ ಬಡಿಯುತ್ತೆ. ಎಷ್ಟೋ ಆಟಗಾರರು ಪ್ರಜ್ಞೆ ಪೂರ್ತಿ ತಪ್ಪದಿದ್ರೆ ಎದ್ದು ಆಡ್ತಾರೆ, ಯಾಕಂದ್ರೆ ಮುಂದಿನ ಮೇ ಪಟ್ಟಿ ಕಣ್ಣ ಮುಂದೆ ಇರುತ್ತೆ. ಅದಕ್ಕೇ ಮಂಜ ಅವ್ರು ಹೇಳಿದ ಕಾಂಟ್ರ್ಯಾಕ್ಟ್ ವಿಷಯಕ್ಕೂ ಇದಕ್ಕೂ ನೇರ ಸಂಬಂಧ ಇದೆ. ನನ್ನ ಹತ್ರ ಬರೋ ಹುಡುಗರಲ್ಲೂ ಇದನ್ನೇ ನೋಡ್ತೀನಿ, ತಲೆ ಸುತ್ತುತ್ತಾ ಅಂತ ಕೇಳಿದ್ರೆ ಇಲ್ಲ ಅಂತಾರೆ, ಒಂಟಿ ಕಾಲಲ್ಲಿ ನಿಲ್ಲಿಸಿ ಕಣ್ಣು ಮುಚ್ಚಿಸಿದ್ರೆ ಗೋಡೆ ಹಿಡ್ಕೊತಾರೆ.

2019ರಲ್ಲಿ ಗ್ಲಾಸ್ಗೋ ಯೂನಿವರ್ಸಿಟಿಯವರು ಸ್ಕಾಟ್ಲೆಂಡಿನ 7,676 ಮಾಜಿ ಪ್ರೊಫೆಷನಲ್ ಆಟಗಾರರ ದಾಖಲೆ ತೆಗೆದು ಸುಮಾರು 23,000 ಸಾಮಾನ್ಯ ಜನರ ಜೊತೆ ಹೋಲಿಸಿದ್ರು. ಡಿಮೆನ್ಷಿಯಾ ಥರದ ಮೆದುಳು ಸವೆಯೋ ಕಾಯಿಲೆಗಳಿಂದ ಸಾಯೋ ಸಾಧ್ಯತೆ ಆಟಗಾರರಲ್ಲಿ ಮೂರೂವರೆ ಪಟ್ಟು. 2021ರಲ್ಲಿ ಅದೇ ಗುಂಪು ಯಾವ ಜಾಗದಲ್ಲಿ ಆಡ್ತಿದ್ರು ಅಂತ ಬಿಡಿಸಿ ನೋಡ್ದಾಗ ಡಿಫೆಂಡರ್‌ಗಳಲ್ಲಿ ಅಪಾಯ ಎಲ್ಲರಿಗಿಂತ ಹೆಚ್ಚು, ಸುಮಾರು ಐದು ಪಟ್ಟು. ಗೋಲ್‌ಕೀಪರ್‌ಗಳಲ್ಲಿ ಸಾಮಾನ್ಯ ಜನರಷ್ಟೇ. ಆಮೇಲೆ 2021-22ರ ಸೀಸನ್ನಿಂದ ಇಂಗ್ಲೆಂಡಲ್ಲಿ ಪ್ರಾಕ್ಟೀಸಲ್ಲಿ ವಾರಕ್ಕೆ ಜೋರಾದ ಹೆಡರ್ (ತಲೆಯಲ್ಲಿ ಚೆಂಡು ಹೊಡೆಯೋದು) ಹತ್ತಕ್ಕಿಂತ ಹೆಚ್ಚು ಬೇಡ ಅಂತ ಮಾರ್ಗಸೂಚಿ ತಂದ್ರು.

ಬ್ಲೂಮ್‌ಫೀಲ್ಡ್ ವೈದ್ಯರ ಮಾತು ಕೇಳಿ ನಿಲ್ಲಿಸಿದ್ದು ಅವನ ಕರಿಯರಲ್ಲಿ ಬಹಳ ದೊಡ್ಡ ನಿರ್ಧಾರ ಅಂತ ನನ್ನ ಅಭಿಪ್ರಾಯ. ಇನ್ನೊಂದೇ ಸೀಸನ್ ಅಂತ ಆಡಿಬಿಡೋರು ಬೇಕಾದಷ್ಟು ಜನ.

ಸ್ಲೌ_ಕನ್ನಡಿಗ

@ಫಿಸಿಯೋ_ಶ್ರುತಿ ಅಕ್ಕ, ಇದು ಓದಿ ಸುಮ್ನಾಗ್ಬಿಟ್ಟೆ. ನಾವು ಟೆರೇಸಲ್ಲಿ ನಿಂತು "ಹಾರೋ ಹಾರೋ" ಅಂತ ಕೂಗ್ತಿದ್ವಿ. ಹತ್ತು ಹೆಡರ್ ಅನ್ನೋದು ಪ್ರಾಕ್ಟೀಸಿಗೆ ಮಾತ್ರಾನಾ? ಮ್ಯಾಚಿಗೆ ಏನೂ ಇಲ್ವಾ?

ಫಿಸಿಯೋ_ಶ್ರುತಿ

@ಸ್ಲೌ_ಕನ್ನಡಿಗ ಹೌದು, ಪ್ರಾಕ್ಟೀಸಿಗೆ ಮಾತ್ರ. ಮ್ಯಾಚಲ್ಲಿ ಲೆಕ್ಕ ಇಡೋಕಾಗಲ್ಲ. ಆದ್ರೆ ಹೆಡರ್‌ಗಳಲ್ಲಿ ಹೆಚ್ಚಿನ ಪಾಲು ವಾರವಿಡೀ ಮಾಡೋ ಪ್ರಾಕ್ಟೀಸಲ್ಲೇ, ಅದಕ್ಕೇ ಅಲ್ಲಿಂದ ಶುರು ಮಾಡಿದ್ದು ಸರಿ.

ಕಂಠೀರವ_ಕಾರ್ನರ್

ಬೆಂಗಳೂರಿನವ್ರಿಗೆ ಈ ಥರದ ಆಟಗಾರರು ಹೊಸಬರಲ್ಲ ಗುರು, ಯಾರೂ ನೆನಪು ಮಾಡ್ಕೊಳ್ಳಲಿಲ್ವಲ್ಲ. ಬೆಂಗಳೂರು ಎಫ್‌ಸಿ 2013ರಲ್ಲಿ ಶುರುವಾದಾಗ ಕೋಚ್ ಆಗಿ ಬಂದ ಆಶ್ಲಿ ವೆಸ್ಟ್‌ವುಡ್ ಯಾರು? ಮ್ಯಾಂಚೆಸ್ಟರ್ ಯುನೈಟೆಡ್ ಅಕಾಡೆಮಿಲಿ ಬೆಳೆದು ಅಲ್ಲಿ ಜಾಗ ಸಿಗದೆ ಕ್ರೂ, ಬ್ರಾಡ್‌ಫರ್ಡ್, ನಾರ್ಥಾಂಪ್ಟನ್ ಅಂತ ಹೆಚ್ಚಾಗಿ ಕೆಳಗಿನ ಲೀಗುಗಳಲ್ಲಿ ಸುತ್ತಿದವನು. ಜಾನ್ ಜಾನ್‌ಸನ್ ನಾರ್ಥಾಂಪ್ಟನ್ ಟೌನಿಂದ ಸೀದಾ ಇಲ್ಲಿಗೆ ಬಂದ. ಇಬ್ರೂ ಡಿಫೆಂಡರ್ಸ್, ಮಿಡ್‌ಫೀಲ್ಡರ್ ಅಲ್ಲ ನಿಜ, ಆದ್ರೆ ಬಂದಿದ್ದು ಅದೇ ಲೋಕದಿಂದ.

ಮೊದಲ ಸೀಸನ್ನಲ್ಲೇ ಆಗ ದೇಶದ ಟಾಪ್ ಲೀಗ್ ಆಗಿದ್ದ ಐ-ಲೀಗ್ ಗೆದ್ದಿದ್ದು ಆ ಲೋವರ್ ಲೀಗ್ ಬುದ್ಧಿಯಿಂದಾನೇ ಅಂತ ನಾನು ಇವತ್ತಿಗೂ ಹೇಳ್ತೀನಿ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಲ್ಲಿ ಕೂತ್ರೆ ಗ್ರೌಂಡು ಹತ್ರ, ಜಾನ್‌ಸನ್ ಪಕ್ಕದವನಿಗೆ ಕಿರುಚೋದು ಸ್ಟ್ಯಾಂಡಿಗೇ ಕೇಳಿಸ್ತಿತ್ತು, ಎರಡು ಹೆಜ್ಜೆ ಒಳಗೆ ಬಾ, ತಿರುಗಿ ನೋಡು, ಅವನನ್ನ ಬಿಡಬೇಡ ಅಂತ ತೊಂಬತ್ತು ನಿಮಿಷ ಬಾಯಿ ನಿಲ್ತಿರಲಿಲ್ಲ. ವಾರಕ್ಕೆರಡು ಮ್ಯಾಚು, ಕೆಟ್ಟ ಪಿಚ್ಚು, ದೂರ ಪ್ರಯಾಣ ಎಲ್ಲಾ ಅವ್ರಿಗೆ ಮಾಮೂಲು, ಗೊಣಗಲಿಲ್ಲ.

ಕುಡ್ಲ_ಕಿಕ್

@ಕಂಠೀರವ_ಕಾರ್ನರ್ ಜಾನ್‌ಸನ್ ಹೆಸರು ಕೇಳಿ ಖುಷಿಯಾಯಿತು ಮಾರಾಯ್ರೆ, ಐದು ವರ್ಷ ಇಲ್ಲಿ ಆಡಿದ ಅಲ್ವಾ.

ಈಗ ಬ್ಲೂಮ್‌ಫೀಲ್ಡ್ ಕೋಚಿಂಗ್ ಬಗ್ಗೆಯೂ ಹೇಳಿ ಯಾರಾದರೂ. ನನಗೆ ಅಲ್ಲಿ ಸ್ವಲ್ಪ ಬೇಸರ ಉಂಟು, ಲ್ಯೂಟನ್‌ಗೆ ಹೋದದ್ದಕ್ಕೆ.

ಮಿಡ್‌ಫೀಲ್ಡ್_ಮಂಜ

ಆಡೋದು ನಿಲ್ಸಿದ ವರ್ಷಾನೇ, 2022ರ ಸೆಪ್ಟೆಂಬರ್ ಕೊನೇಲಿ ಕೋಲ್ಚೆಸ್ಟರ್ ಮ್ಯಾನೇಜರ್ ಆದ, ಲೀಗ್ ಟೂ. 2023ರ ಫೆಬ್ರವರಿಲಿ ಏನ್ಸ್‌ವರ್ತ್ ಕ್ಯೂಪಿಆರ್‌ಗೆ ಹೋದಾಗ ವೈಕಂಬ್ ಇವನನ್ನ ವಾಪಸ್ ಕರೀತು. ಏನ್ಸ್‌ವರ್ತ್ ಜೊತೆ ಮೊದಲು ಸಹ ಆಟಗಾರ, ಆಮೇಲೆ ಅವನ ಕೈಕೆಳಗೆ ಹತ್ತತ್ರ ಹತ್ತು ವರ್ಷ ಆಟಗಾರ, ಆಮೇಲೆ ಅವನ ಕುರ್ಚಿಲೇ ಮ್ಯಾನೇಜರ್. 2024ರ ಏಪ್ರಿಲಲ್ಲಿ ಇಎಫ್‌ಎಲ್ ಟ್ರೋಫಿ (ಮುಖ್ಯವಾಗಿ ಲೀಗ್ ಒನ್, ಲೀಗ್ ಟೂ ಕ್ಲಬ್‌ಗಳ ಕಪ್) ಫೈನಲ್‌ಗೆ ತಂಡನ ವೆಂಬ್ಲಿಗೆ ಕರ್ಕೊಂಡು ಹೋದ, ಪೀಟರ್‌ಬರೊ ಕೈಲಿ 2-1 ಸೋತ್ರು. ಮುಂದಿನ ಸೀಸನ್ನಲ್ಲಿ ಲೀಗ್ ಒನ್ ಎರಡನೇ ಸ್ಥಾನದಲ್ಲಿದ್ದಾಗ, 2025ರ ಜನವರಿಲಿ ಚಾಂಪಿಯನ್‌ಶಿಪ್ಪಿನ ಲ್ಯೂಟನ್ ಕರೀತು, ಹೋದ. ಲ್ಯೂಟನ್ ಕೊನೇ ದಿನ ವೆಸ್ಟ್ ಬ್ರಾಮ್‌ನಲ್ಲಿ 5-3 ಸೋತು ಕೆಳಗಿಳೀತು, ಅಕ್ಟೋಬರಲ್ಲಿ ಇವನನ್ನ ತೆಗೆದ್ರು.

ಬೇಜಾರು ನಂಗೂ ಆಗಿದೆ. ಆದ್ರೆ ಹೋಗಿದ್ದು ತಪ್ಪು ಅಂತ ನಾನು ಹೇಳಲ್ಲ. ಆಟಗಾರನಾಗಿ 36ರವರೆಗೆ ಕಾದು ಚಾಂಪಿಯನ್‌ಶಿಪ್ ನೋಡಿದವನಿಗೆ, ಮ್ಯಾನೇಜರ್ ಆಗಿ 40ಕ್ಕೆ ಅಲ್ಲಿಂದ ಕರೆ ಬಂದ್ರೆ ಬೇಡ ಅನ್ನು ಅಂತ ಹೇಳೋ ಹಕ್ಕು ನಮಗೆ ಎಲ್ಲಿದೆ?

ಸ್ಲೌ_ಕನ್ನಡಿಗ

ಇಲ್ಲಿ ಕೆಲವ್ರಿಗೆ ಕೋಪ ಇತ್ತು, ಸೀಸನ್ ಮಧ್ಯದಲ್ಲಿ, ಅದೂ ಎರಡನೇ ಸ್ಥಾನದಲ್ಲಿದ್ದಾಗ ಬಿಟ್ಟು ಹೋದ ಅಂತ. ಕ್ಲಬ್ ಆಮೇಲೆ ಪ್ಲೇ-ಆಫಲ್ಲಿ ಸೋತು ಲೀಗ್ ಒನ್ನಲ್ಲೇ ಉಳೀತು, ಕೋಪ ಜಾಸ್ತಿ ಆಯ್ತು. ಹದಿನೆಂಟು ವರ್ಷ ಓಡಿದ್ದು ಆಟಗಾರ, ಎರಡು ವರ್ಷ ನಡೆಸಿದ್ದು ಮ್ಯಾನೇಜರ್, ಎರಡನ್ನೂ ಒಂದೇ ಪುಸ್ತಕದಲ್ಲಿ ಬರೀಬಾರದು ಅಂತ ನನಗನ್ಸುತ್ತೆ. ಕೋಪ ಇರೋರೂ ಆಟಗಾರ ಬ್ಲೂಮ್‌ಫೀಲ್ಡ್ ಬಗ್ಗೆ ಒಂದು ಕೆಟ್ಟ ಮಾತು ಆಡಿದ್ದು ನಾನು ಕೇಳಿಲ್ಲ.

ಧಾರವಾಡ_ಡಿಫೆಂಡರ್

ನಾ ಮೊದಲ ಕೇಳಿದ್ದಕ್ಕ ಈಗ ಉತ್ತರ ಸಿಕ್ತು ನೋಡ್ರಿ, ಆಫರ್ ಬಂದ್ರ ಹೋಗತಿದ್ದನೇನು ಅಂತ ಕೇಳಿದ್ದೆ. ಮ್ಯಾನೇಜರ್ ಆಗಿ ಬಂತು, ಹೋದಾ. ಅದರಿಂದ ಅವನ ಆ 550 ಮ್ಯಾಚ್ ಏನೂ ಸಣ್ಣಾಗೂದಿಲ್ಲ, ಅದನ್ನ ನಾ ಈಗ ಖುಷಿಲೆ ಒಪ್ಪತೇನಿ. ಆದ್ರ "ನಿಷ್ಠೆ" ಅನ್ನೂದಕ್ಕಿಂತ "ಪ್ರತಿ ವರ್ಷ ಬೇಕಾದವ" ಅನ್ನೂದ ಅವಗ ಹೆಚ್ಚು ಗೌರವ ಅಂತೇನಿ.

ಶ್ರುತಿ ಅಕ್ಕಾರ, ಆ ಒಂಟಿ ಕಾಲಿನ ಪರೀಕ್ಷಾ ನಮ್ಮ ಹುಡುಗರಿಗೆ ಮಾಡಸೂದು ಹೆಂಗಂತ ಬ್ಯಾರೆ ಥ್ರೆಡ್ ಹಾಕ್ರಿ. ನಮ್ಮಲ್ಲೆ ಆಯಿತವಾರ ಆಡೂ ಟೀಮಿನ್ಯಾಗ ಡಾಕ್ಟರ್ ಇಲ್ಲ, ಫಿಸಿಯೋ ಇಲ್ಲ, ಪೆಟ್ಟು ಬಿದ್ರ ನೀರ ಹಾಕಿ ಎಬ್ಬಸತಾರ.

ಫಿಸಿಯೋ_ಶ್ರುತಿ

@ಧಾರವಾಡ_ಡಿಫೆಂಡರ್ ಹಾಕ್ತೀನಿ ಅಣ್ಣ, ಈ ವಾರದಲ್ಲೇ. ಅಲ್ಲಿಯವರೆಗೆ ಒಂದೇ ನಿಯಮ ಇಟ್ಕೊಳ್ಳಿ: ತಲೆಗೆ ಪೆಟ್ಟು ಬಿದ್ದು ಅನುಮಾನ ಬಂತು ಅಂದ್ರೆ ಆ ಹುಡುಗ ಅವತ್ತು ಮತ್ತೆ ಗ್ರೌಂಡಿಗೆ ಇಳಿಯೋ ಹಾಗಿಲ್ಲ, ಎಷ್ಟೇ ಚೆನ್ನಾಗಿದೀನಿ ಅಂದ್ರೂ. ವಾಂತಿ, ಜಾಸ್ತಿ ಆಗ್ತಿರೋ ತಲೆನೋವು, ಮಂಪರು ಇದ್ರೆ ಕಾಯಬೇಡಿ, ಸೀದಾ ಆಸ್ಪತ್ರೆಗೆ.